ತಮ್ಮನ ಬಾಟಲಿಗೆ ಒಂದು ನೀರು ಹೆಚ್ಚು

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದ ಕೂಡಲೇ ಅಕ್ಕ ಮಾಡುವ ಮೊದಲ ಕೆಲಸ ಬೈಯುವುದು. ಕೈ ತೊಳೆದು, ಬಿಳಿ ಕೋಟು ತೊಟ್ಟು, ಮೂಲೆಯ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ಒಳಗೆ ಬೆಚ್ಚಗೆ ಮಲಗಿರುವ ಒಂದು ಚಪ್ಪಟೆ ಡಬ್ಬಿಯನ್ನು ಬೆಳಕಿಗೆ ಹಿಡಿಯುತ್ತಾಳೆ.

"ಎದ್ರೇನ್ರೋ ದರಿದ್ರಗಳಾ? ತಿಂದಿದ್ದು ಅರಗ್ತಾ? ಇವತ್ತಾದ್ರೂ ಬಾಯಿ ಬಿಡ್ತೀರೋ ಇಲ್ವೋ?"

ಡಬ್ಬಿಯೊಳಗೆ ಇರುವುದು ಗುಲಾಬಿ ಬಣ್ಣದ ದ್ರವ, ಅದರಲ್ಲಿ ಬರಿಗಣ್ಣಿಗೆ ಕಾಣದ ಲಕ್ಷಗಟ್ಟಲೆ ಬಿಳಿ ರಕ್ತಕಣಗಳು. ಅವೂ ಆರೋಗ್ಯದ ಕಣಗಳಲ್ಲ, ರಕ್ತದ ಕ್ಯಾನ್ಸರ್ ಹಿಡಿದವು. ಹೊಸದಾಗಿ ಸೇರಿದವರು ಈ ಬೈಗುಳ ಕೇಳಿ ಬೆಚ್ಚಿಬೀಳುತ್ತಾರೆ. ಹಳಬರಿಗೆ ಗೊತ್ತು, ಆ ಕಣಗಳು ಬಂದದ್ದು ಅಕ್ಕನ ಸ್ವಂತ ತಮ್ಮನ ಮೈಯಿಂದ. ಹಾಗೆಂದು ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ, ಎರಡು ಬೀದಿ ಆಚೆ ಕಾರು ಲಾರಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ನಡೆಸುತ್ತಾನೆ. ಕಾಯಿಲೆ ಅವನನ್ನು ಬಿಟ್ಟುಹೋಗಿ ವರ್ಷಗಳಾದವು. ಈ ಡಬ್ಬಿಯಲ್ಲಿ ಮಾತ್ರ ಇನ್ನೂ ಬದುಕಿದೆ, ಅಕ್ಕ ಹಾಕಿದ್ದನ್ನು ತಿಂದುಕೊಂಡು.

ಕಾಯಿಲೆ ಬಂದಾಗ ತಮ್ಮನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆಗಳು, ಬಿಡದ ಜ್ವರ. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಕೆಟ್ಟು, ಲೆಕ್ಕವಿಲ್ಲದಷ್ಟು ಹುಟ್ಟಿ, ಒಳ್ಳೆಯ ರಕ್ತಕ್ಕೆ ಜಾಗವೇ ಇಲ್ಲದಂತೆ ಮಾಡಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಕಾಯುವವರು ಯಾರು? ಸಣ್ಣದೊಂದು ಸೋಂಕು ತಗುಲಿದರೂ ಹುಡುಗ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ ದಿನದಿಂದ ಅಕ್ಕ ಕಂಡದ್ದನ್ನೆಲ್ಲ ಕುದಿಸಿದಳು. ನೀರು ಕುದಿಸಿದಳು, ಲೋಟ ಕುದಿಸಿದಳು, ಟವೆಲು ಕುದಿಸಿದಳು. ಬಿಟ್ಟಿದ್ದರೆ ತಮ್ಮನನ್ನೇ ಕುಕ್ಕರಿನಲ್ಲಿ ಕೂರಿಸಿ ಎರಡು ವಿಷಲ್ ಕೂಗಿಸುತ್ತಿದ್ದಳು. ಕೊನೆಗೆ ತನ್ನ ಮೂಳೆಯ ಮಜ್ಜೆಯನ್ನೇ ಕೊಟ್ಟಳು. ಅವನು ಉಳಿದ. ಈಗ ಅವನ ಮೈಯಲ್ಲಿ ಓಡುತ್ತಿರುವುದು ಅಕ್ಕನ ಮಜ್ಜೆಯಿಂದ ಹುಟ್ಟಿದ ರಕ್ತ. "ಅಸಲಿ ನಾನು ನಿನ್ನ ಡಬ್ಬೀಲಿದ್ದೀನಿ ಕಣೇ, ಇಲ್ಲಿ ಓಡಾಡ್ತಿರೋದೆಲ್ಲ ನೀನೇ," ಎಂದು ಅವನು ಈಗಲೂ ಅವಳನ್ನು ರೇಗಿಸುತ್ತಾನೆ.

ಆ ಜ್ವರದ ದಿನಗಳಲ್ಲೇ ವೈದ್ಯರೊಬ್ಬರು ಹಾಸಿಗೆಯ ಬಳಿ ಬಂದು, ಸಂಶೋಧನೆಗೆ ಸ್ವಲ್ಪ ರಕ್ತ ಕೊಡುತ್ತೀಯಾ ಎಂದು ಕೇಳಿದ್ದರು. ತಮ್ಮ ದಿಂಬಿನಿಂದ ತಲೆ ಎತ್ತಲೂ ಆಗದ ಸ್ಥಿತಿಯಲ್ಲಿದ್ದ. ಆದರೂ ಬಾಯಿಗೇನೂ ಕಡಿಮೆ ಇರಲಿಲ್ಲ.

"ತಗೊಳ್ಳಿ ಡಾಕ್ಟ್ರೇ. ಆದ್ರೆ ಸುಮ್ನೆ ಇಟ್ಕೊಂಡು ಕೂರಬೇಡಿ. ನನಗೆ ಕೊಟ್ಟ ಕಾಟಕ್ಕೆ ಅವುಗಳ ಕೈಲಿ ಒಂದಾದ್ರೂ ಒಳ್ಳೆ ಕೆಲಸ ಮಾಡಿಸಿ."

ಈ ಮಾತು ಹೇಳಿದವನು ಗುಣವಾಗಿ ಮರೆತೇಬಿಟ್ಟ. ಕೇಳಿಸಿಕೊಂಡವಳು ಮರೆಯಲಿಲ್ಲ. ಆ ರಕ್ತ ಹೋಗಿ ಸೇರಿದ ಪ್ರಯೋಗಾಲಯದಲ್ಲೇ ಗಾಜಿನ ಬಾಟಲಿ ತೊಳೆಯುವ ಕೆಲಸ ಇದೆ ಎಂದು ತಿಳಿದದ್ದೇ ಹೋಗಿ ಸೇರಿದಳು. ತೊಳೆಯುತ್ತ ತೊಳೆಯುತ್ತ ಕಣ ಸಾಕುವುದನ್ನು ಕಲಿತಳು. ಹಾವಿಗೆ ಹಾಲೆರೆಯುವ ಕೆಲಸ ಎಂದು ನೆಂಟರು ಮೂಗು ಮುರಿದರು. "ಹಾಲೂ ಎರೀತೀನಿ, ಮೈ ಬಗ್ಗಿಸಿ ದುಡಿಸ್ತೀನಿ ಕೂಡ," ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು. ತಮ್ಮನ ಕಣಗಳು ಮಾತ್ರ ವರ್ಷಾನುಗಟ್ಟಲೆ ದುಡಿಯದೆ, ಸಣ್ಣ ಟ್ಯೂಬುಗಳಲ್ಲಿ, ದ್ರವ ನೈಟ್ರೋಜನ್ ತುಂಬಿದ ಕ್ಯಾನಿನ ಹೆಪ್ಪುಗಟ್ಟಿಸುವ ಚಳಿಯಲ್ಲಿ ಮಲಗಿದ್ದವು.

ಅವನ್ನು ಎಬ್ಬಿಸುವ ಯೋಗ ತಂದವನು ಗಡಿಬಿಡಿ. ಇದು ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಸಂಶೋಧಕನಿಗೆ ಅಕ್ಕನೇ ಇಟ್ಟ ಹೆಸರು. ಅವನು ನಡೆದದ್ದನ್ನು ಕಂಡವರಿಲ್ಲ, ಓಡುವುದೇ. ಊಟ ಮಾಡುತ್ತಾ ಮಾತಾಡುತ್ತಾನೆ, ಮಾತಾಡುತ್ತಾ ಕೋಟು ಹಾಕಿಕೊಳ್ಳುತ್ತಾನೆ, ಕೋಟಿನ ಗುಂಡಿ ಹಾಕುವಷ್ಟರಲ್ಲಿ ಊಟ ಎಲ್ಲಿಟ್ಟೆ ಎಂದು ಹುಡುಕುತ್ತಾನೆ. ಆದರೆ ಅವನು ಹಿಡಿದ ಪ್ರಶ್ನೆ ಮಾತ್ರ ಅಕ್ಕನ ಎದೆಗೆ ನೇರವಾಗಿ ತಾಗಿತು.

"ನೋಡಿ ಅಕ್ಕಾ, ಬಿಳಿ ರಕ್ತಕಣ ಅಂದ್ರೆ ಕಾವಲುಗಾರ. ಬ್ಯಾಕ್ಟೀರಿಯಾದ ಹೊರಸಿಪ್ಪೇಲಿ ಒಂದು ವಿಷ ಇರುತ್ತೆ. ಅದು ಮೂಗಿಗೆ ಬಡೀತು ಅಂದ್ರೆ ಕಾವಲುಗಾರ ಕೂಗ್ತಾನೆ, ಅಂದ್ರೆ ಒಂದು ರಾಸಾಯನಿಕ ಹೊರಗೆ ಬಿಡ್ತಾನೆ. ಈಗ ಕಾವಲುಗಾರನೇ ಕೆಟ್ಟು ಕಳ್ಳ ಆಗಿದ್ದಾನೆ ಅಂತಿಟ್ಕೊಳ್ಳಿ. ಇನ್ನೊಬ್ಬ ಕಳ್ಳ ಬಂದಾಗ ಅವನು ಕೂಗ್ತಾನೋ, ಸುಮ್ನಿರ್ತಾನೋ? ಕೂಗಿದ್ರೆ ಎಷ್ಟು ಜೋರಾಗಿ? ಇದು ತಿಳೀದೆ ಈ ರೋಗಿಗಳಿಗೆ ಸೋಂಕು ಬಂದಾಗ ಒಳಗೆ ಏನಾಗ್ತಿದೆ ಅನ್ನೋದು ಪೂರ್ತಿ ಅರ್ಥ ಆಗಲ್ಲ."

"ನನ್ನ ತಮ್ಮಂದು ಕೂಗೇ ಕೂಗುತ್ತೆ ಸಾರ್," ಎಂದಳು ಅಕ್ಕ. "ನಮ್ಮ ಮನೇಲಿ ಸುಮ್ನಿರೋ ರಕ್ತಾನೇ ಇಲ್ಲ."

ಎಬ್ಬಿಸಿದಳು. ಸಾಕಿದಳು. ಕಣಗಳು ತಿಂದು ತೇಗಿ ಎರಡರಷ್ಟಾದವು, ನಾಲ್ಕರಷ್ಟಾದವು. ಗಡಿಬಿಡಿ ವಿಷ ಹಾಕಿದ, ಕಾದ, ದ್ರವ ತೆಗೆದು ಸಾಲು ಸಾಲು ಗುಳಿಗಳಿರುವ ಪ್ಲೇಟಿಗೆ ಹಾಕಿ ಪರೀಕ್ಷೆ ಮಾಡಿದ. ಕಣ ಕೂಗಿದ್ದರೆ ಗುಳಿ ನೀಲಿಯಾಗಬೇಕು. ಬೇರೆ ಕಡೆಯಿಂದ ಕೊಂಡುತಂದ ಕ್ಯಾನ್ಸರ್ ಕಣಗಳ ಗುಳಿ ನೀಲಿಯಾಯಿತು. ತಮ್ಮನ ಕಣಗಳ ಗುಳಿ ನೀರಿನ ಹಾಗೇ ಉಳಿಯಿತು. ಮತ್ತೆ ಮಾಡಿದರೂ ಅಷ್ಟೇ, ವಿಷ ಹೆಚ್ಚಿಸಿದರೂ ಅಷ್ಟೇ, ಕಲ್ಲಿನ ಮೇಲೆ ಮಳೆ ಸುರಿದ ಹಾಗೆ.

ಕೊನೆಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಇಬ್ಬರನ್ನೂ ಕರೆದರು. ಒಳ್ಳೆಯ ಹೆಂಗಸು, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ.

"ಅಕ್ಕಾ, ನಿಮ್ಮ ಮನಸ್ಸಿಗೆ ಬೇಜಾರಾಗುತ್ತೆ, ಗೊತ್ತು. ಆದ್ರೆ ಈ ಕಣಗಳು ಕೆಟ್ಟಿವೆ. ನೈಟ್ರೋಜನ್ ಕ್ಯಾನ್ ತುಂಬಿ ತುಳುಕ್ತಿದೆ, ವಾರದ ಕೊನೇಲಿ ಹೊಸ ಕಣಗಳು ಬರ್ತಿವೆ. ಅವು ಬಂದ ದಿನ ಇವನ್ನ ತೆಗೆದುಬಿಡೋಣ. ಡಬ್ಬೀಲಿರೋದು, ಕ್ಯಾನಲ್ಲಿರೋದು, ಎಲ್ಲಾ."

ಅಕ್ಕ ತಲೆಯಾಡಿಸಿ ಹೊರಗೆ ಬಂದಳು. ತೊಳೆಯುವ ತೊಟ್ಟಿಯ ಮುಂದೆ ನಿಂತು ನಲ್ಲಿ ತಿರುಗಿಸಿದಳು, ನೀರು ಹರಿಯುತ್ತಲೇ ಇತ್ತು, ತೊಳೆಯುವುದಕ್ಕೆ ಏನೂ ಇರಲಿಲ್ಲ. ದುಃಖಕ್ಕಿಂತ ಅವಳಿಗೆ ಸಿಟ್ಟೇ ಹೆಚ್ಚು. ಅಷ್ಟು ಚುಚ್ಚಿಸಿಕೊಂಡು, ಅಷ್ಟು ವಾಂತಿ ಮಾಡಿಕೊಂಡು, ತಲೆಗೂದಲನ್ನೆಲ್ಲ ದಿಂಬಿಗೆ ಕೊಟ್ಟು ತಮ್ಮ ಅನುಭವಿಸಿದ್ದು ಕಸದ ಚೀಲಕ್ಕೆ ಹೋಗುವುದಕ್ಕಾ? ಕಾಡುವಾಗ ಹುಲಿಗಳ ಹಾಗೆ ಕಾಡಿದವು ದುಡಿಯುವಾಗ ಮೂಗರಾಗಬೇಕಾ?

ಮಧ್ಯಾಹ್ನ ಎಂದಿನಂತೆ ತಮ್ಮನ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದಳು. ಜೊತೆಗೆ ಎರಡು ಸಲ ಕುದಿಸಿದ ನೀರಿನ ಬಾಟಲಿ. ತಮ್ಮನಿಗೆ ಹೊರಗಿನ ನೀರು ಕುಡಿಯಲು ಇಂದಿಗೂ ಅಪ್ಪಣೆಯಿಲ್ಲ. ವೈದ್ಯರು ಎಂದೋ ಕೊಟ್ಟಿದ್ದಾರೆ, ಅಕ್ಕ ಕೊಟ್ಟಿಲ್ಲ. ಅವಳು ಒಳಗೆ ಕಾಲಿಟ್ಟಾಗ ಅವನು ಲಾರಿಯೊಂದರ ಬಾಗಿಲಿಗೆ ಕೆಂಪು ಬಣ್ಣ ಸಿಂಪಡಿಸುತ್ತಿದ್ದ. ಥಿನ್ನರಿನ ಘಾಟಿಗೆ ಅವಳ ಕಣ್ಣಲ್ಲಿ ನೀರು ಬಂತು, ಕೆಮ್ಮು ಕಿತ್ತುಕೊಂಡು ಬಂತು.

"ಲೋ, ಮುಖಕ್ಕೆ ಆ ಮಾಸ್ಕ್ ಹಾಕ್ಕೋ ಅಂತ ಎಷ್ಟು ಸಲ ಹೇಳ್ಬೇಕೋ? ಈ ವಾಸನೇಲಿ ಹೆಂಗೆ ನಿಂತಿದ್ದೀಯೋ?"

"ಯಾವ ವಾಸನೆ?"

"ಯಾವ ವಾಸನೇನಾ? ನಾನಿಲ್ಲಿ ಸಾಯ್ತಿದ್ದೀನಿ!"

"ನೀನು ಈಗ ಬಂದೆ, ಅದಕ್ಕೇ ಬಡೀತಿದೆ. ನಾನು ಬೆಳಿಗ್ಗೆಯಿಂದ ಇದರಲ್ಲೇ ಇದ್ದೀನಿ, ನನ್ನ ಮೂಗು ಎಂದೋ ಸುಮ್ನಾಯ್ತು. ಮೊದಲು ಈ ಕೆಲಸಕ್ಕೆ ಇಳಿದಾಗ ನಾನೂ ನಿನ್ನ ಹಾಗೇ ಹಾರಾಡ್ತಿದ್ದೆ."

ಅಕ್ಕ ಊಟದ ಡಬ್ಬಿಯನ್ನು ಲಾರಿಯ ಮುಂಭಾಗದ ಮೇಲಿಟ್ಟಳು. ಅಲ್ಲಿ ಬಣ್ಣ ಇನ್ನೂ ಹಸಿಯಾಗಿತ್ತು.

"ಅಯ್ಯೋ ಅಕ್ಕಾ, ಬಣ್ಣ!"

ಅವಳು ಆಗಲೇ ಬೀದಿಯಲ್ಲಿ ಓಡುತ್ತಿದ್ದಳು. ಅವಳು ಓಡಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಪ್ರಯೋಗಾಲಯದ ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಗಡಿಬಿಡಿಯ ಮುಂದೆ ನಿಂತಳು.

"ಸಾರ್! ನನ್ನ ತಮ್ಮನಿಗೆ ಬಣ್ಣದ ವಾಸನೇನೇ ಬರ್ತಿಲ್ಲ!"

"ಅಯ್ಯೋ, ಮೂಗಿನ ಡಾಕ್ಟರ್ ಹತ್ರ ತೋರಿಸಿ ಅಕ್ಕಾ."

"ಅದಲ್ಲ ಸಾರ್! ದಿನಾ ಅದರಲ್ಲೇ ಇದ್ರೆ ಮೂಗು ಸುಮ್ನಾಗುತ್ತಂತೆ. ನಮ್ಮ ಕಣಗಳೂ ಹಂಗೇ ಆಗಿದ್ರೆ? ನೀವು ವಿಷ ಹಾಕೋಕೆ ಮುಂಚೇನೇ ಅವಕ್ಕೆ ವಿಷ ಬೀಳ್ತಾ ಇದ್ರೆ?"

ಗಡಿಬಿಡಿ ಅಂದು ಮೊದಲ ಬಾರಿಗೆ ನಿಂತಲ್ಲೇ ನಿಂತ. ಆಮೇಲೆ ಹಣೆ ಚಚ್ಚಿಕೊಂಡ. ಮೊದಲೇ ಚೂರು ಚೂರು ವಿಷ ಕಂಡ ಕಣ ಆಮೇಲೆ ದೊಡ್ಡ ಪ್ರಮಾಣ ಬಂದರೂ ತೆಪ್ಪಗಿರುತ್ತದೆ ಎನ್ನುವುದು ಅವನು ಓದಿ, ಪರೀಕ್ಷೆಯಲ್ಲಿ ಬರೆದು, ನಂಬರು ತೆಗೆದುಕೊಂಡ ವಿಷಯ. "ಅಂಗೈ ಹುಣ್ಣಿಗೆ ಕನ್ನಡಿ ಹುಡುಕ್ತಿದ್ದೆನಲ್ಲಾ ಅಕ್ಕಾ!" ಎನ್ನುತ್ತ ಅವಳ ಸುತ್ತ ಒಂದು ಸುತ್ತು ಸುತ್ತಿದ. ಹಾಗಾದರೆ ವಿಷ ಬರುತ್ತಿರುವುದು ಎಲ್ಲಿಂದ? ಕಣಗಳಿಗೆ ಕೊಂಡುತಂದ ಆಹಾರವನ್ನು ಪರೀಕ್ಷೆ ಮಾಡಿದ್ದಾಗಿತ್ತು, ಚೊಕ್ಕವಾಗಿತ್ತು. ಅದಕ್ಕೆ ಬೆರೆಸುವುದನ್ನೂ ನೋಡಿದ್ದಾಗಿತ್ತು. ಡಬ್ಬಿಗಳು ಹೊಸವು. ಒಂದೊಂದನ್ನೇ ಹೇಳುತ್ತ ಬಂದವನು ಕಪಾಟಿನ ಮುಂದೆ ತಟ್ಟನೆ ಬಾಯಿ ಮುಚ್ಚಿದ. ಅಲ್ಲಿ ಸಾಲಾಗಿ ಗಾಜಿನ ಬಾಟಲಿಗಳಿದ್ದವು. ಕೆಲವುಗಳ ಮುಚ್ಚಳದ ಮೇಲೆ ಕೆಂಪು ಚುಕ್ಕೆ, ತಮ್ಮನ ಗ್ಯಾರೇಜಿನ ಬಣ್ಣ. ತಮ್ಮನ ಕಣಗಳ ಆಹಾರ ಬೆರೆಸಿಡುವುದಕ್ಕೆಂದೇ ಅಕ್ಕ ಬೇರೆ ಇಟ್ಟ ಬಾಟಲಿಗಳು ಅವು.

"ಏನು ಸಾರ್, ನನ್ನ ಬಾಟ್ಲಿ ಮೇಲೆ ಅನುಮಾನವಾ?" ಅಕ್ಕನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ದೂರ ಹೋಗಬೇಕಾಗಿಲ್ಲ. "ಎಲ್ಲರ ಬಾಟ್ಲೀನೂ ತೊಳೆದು ಒಣ ಓವನ್‌ನಲ್ಲಿ ಸುಡ್ತೀನಿ. ನನ್ನ ತಮ್ಮನ ಬಾಟ್ಲಿಗೆ ಅದಾದ ಮೇಲೂ ಇನ್ನೊಂದು ನೀರು ಹೆಚ್ಚಿಗೆ ಹಾಕಿ, ಆಟೋಕ್ಲೇವ್‌ನಲ್ಲಿ ಹಬೇಲೂ ಬೇಯಿಸ್ತೀನಿ. ಈ ಕಟ್ಟಡದಲ್ಲಿ ಅದಕ್ಕಿಂತ ಶುದ್ಧವಾದ್ದು ಇನ್ನೊಂದಿದ್ರೆ ತೋರಿಸಿ!"

"ಇನ್ನೊಂದು ನೀರಾ? ಓವನ್ ಆದ ಮೇಲಾ? ಯಾವ ನೀರು ಅಕ್ಕಾ?"

"ಡಿಸ್ಟಿಲ್ಡ್ ನೀರು, ಮತ್ಯಾವುದು? ತೊಟ್ಟಿ ಕೆಳಗಿನ ಕ್ಯಾನ್‌ದು."

ಗಡಿಬಿಡಿ ಒಮ್ಮೆ ಬಾಟಲಿಯನ್ನು, ಒಮ್ಮೆ ಅವಳ ಮುಖವನ್ನು ನೋಡಿದ. ಆ ನೋಟವೇ ಅವಳಿಗೆ ಇರಿಯಿತು. "ಪರೀಕ್ಷೆ ಮಾಡಿ," ಎಂದಳು, ದನಿ ಸಣ್ಣದಾಗಿತ್ತು. "ಮಾಡಿ ಸಾರ್, ನನ್ನ ಮುಖ ನೋಡ್ಬೇಡಿ."

ಆ ವಿಷ ಇದೆಯೋ ಇಲ್ಲವೋ ನೋಡುವುದಕ್ಕೆ ಒಂದು ಪುಡಿ ಇದೆ. ಕುದುರೆಲಾಳದ ಆಕಾರದ ಏಡಿಯಂಥ ಒಂದು ಸಮುದ್ರಜೀವಿಯ ರಕ್ತದಿಂದ ಮಾಡಿದ್ದು. ವಿಷವಿರುವ ನೀರಿಗೆ ಅದನ್ನು ಸೇರಿಸಿ ಬೆಚ್ಚಗಿಟ್ಟರೆ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ನೀರಾಗಿಯೇ ಇರುತ್ತದೆ. ಗಡಿಬಿಡಿ ಎರಡು ಟ್ಯೂಬು ಸಿದ್ಧಮಾಡಿದ. ಒಂದರಲ್ಲಿ ಮಾಮೂಲಿ ಬಾಟಲಿ ಗಲಬರಿಸಿದ ನೀರು, ಇನ್ನೊಂದರಲ್ಲಿ ಕೆಂಪು ಚುಕ್ಕೆಯ ಬಾಟಲಿ ಗಲಬರಿಸಿದ್ದು. ಕಾಯುವಾಗ ಅಕ್ಕ ಮೇಜು ಒರೆಸಿದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಹೊತ್ತಾದ ಮೇಲೆ ಅವನು ಮೊದಲ ಟ್ಯೂಬನ್ನು ತಲೆಕೆಳಗು ಮಾಡಿದ. ನೀರು ಸರ್ರನೆ ಇಳಿಯಿತು. ಎರಡನೆಯದನ್ನು ತಲೆಕೆಳಗು ಮಾಡಿದ. ಒಂದು ಹನಿಯೂ ಅಲುಗಲಿಲ್ಲ.

ಅಕ್ಕ ನೇರವಾಗಿ ತೊಟ್ಟಿಯ ಕೆಳಗೆ ಬಗ್ಗಿ ದೊಡ್ಡ ಪ್ಲಾಸ್ಟಿಕ್ ಕ್ಯಾನನ್ನು ಎಳೆದಳು. ಅದಕ್ಕೆ ದಿನಾ ಹೊಸ ನೀರು ತುಂಬುತ್ತಿದ್ದಳು, ಹಳೆಯದರ ಮೇಲೆಯೇ. ಒಳಗೆ ಬೀಳುವುದೇ ಬಟ್ಟಿ ಇಳಿಸಿದ ಚೊಕ್ಕ ನೀರು, ಅದರ ಪಾತ್ರೆಗೆ ಕೊಳೆ ಎಲ್ಲಿಂದ ಬರಬೇಕು ಎಂದು ಅದನ್ನು ಒಮ್ಮೆಯೂ ತೊಳೆದಿರಲಿಲ್ಲ. ಮುಚ್ಚಳ ತೆಗೆದು ಕೈಗವುಸಿನ ಬೆರಳಿಂದ ಒಳಗೋಡೆ ಸವರಿದಳು. ಬೆರಳು ಜಾರಿತು. ತೆಳ್ಳಗೆ, ಕಣ್ಣಿಗೆ ಕಾಣದ ಲೋಳೆ. ದೀಪದ ಬುಡದಲ್ಲೇ ಕತ್ತಲೆ.

"ಹಬೇಲಿ ಬ್ಯಾಕ್ಟೀರಿಯಾ ಸಾಯುತ್ತೆ ಅಕ್ಕಾ," ಎಂದ ಗಡಿಬಿಡಿ ಮೆಲ್ಲಗೆ. "ಆದ್ರೆ ಅದರ ಸಿಪ್ಪೆಯ ವಿಷ ಹಾಗೇ ಉಳಿಯುತ್ತೆ. ಅದನ್ನ ಸುಡೋಕೆ ಒಣ ಓವನ್ನೇ ಬೇಕು. ನೀವು ಸುಟ್ಟ ಮೇಲೆ ಮತ್ತೆ..."

"ನಾನೇ ಹಾಕಿದ್ದು," ಎಂದಳು ಅಕ್ಕ. "ಬೇರೆ ಯಾರ ಬಾಟ್ಲಿಗೂ ಹಾಕ್ಲಿಲ್ಲ. ನಮ್ಮದು ಅಂತ ಒಂದು ಕೈ ಹೆಚ್ಚಿಗೆ, ದಿನಾ ನನ್ನ ಕೈಯಾರೆ."

ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ಅವಳು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಾಳೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು, ನೆಲದಲ್ಲಿ ಕ್ಯಾನಿನ ಪಕ್ಕ ಹಾಗೇ ಕುಳಿತಳು. ಆದರೆ ಬಹಳ ಹೊತ್ತು ಕೂರುವ ಜೀವವಲ್ಲ ಅದು. ಇನ್ನೊಂದು ಯೋಚನೆ ಬಂದದ್ದೇ ಕ್ಯಾನು ಹಿಡಿದು ಎದ್ದಳು.

"ಸಾರ್! ಹಂಗಾದ್ರೆ ಅವು ಮೂಗರಲ್ಲ!"

"ಅಲ್ಲವೇ ಅಲ್ಲ!"

"ಕೂಗಿ ಕೂಗಿ ಸುಸ್ತಾಗಿರೋದು!"

"ಅದೇ ಅಕ್ಕಾ!" ಗಡಿಬಿಡಿ ಕುಣಿದೇಬಿಟ್ಟ. "ಚೊಕ್ಕ ಆಹಾರ ಕೊಟ್ಟು ಸ್ವಲ್ಪ ದಿನ ಬಿಟ್ರೆ ಸುಸ್ತು ಹೋಗ್ಬೇಕು. ಹೋಗುತ್ತೋ ಇಲ್ವೋ ನೋಡೋಣ. ಒಂದೇ ಡಬ್ಬಿಯ ಕಣಗಳನ್ನ ಅರ್ಧ ಅರ್ಧ ಮಾಡೋಣ. ಅರ್ಧಕ್ಕೆ ಹೊಸ ಬಾಟ್ಲಿ ಆಹಾರ, ಅರ್ಧಕ್ಕೆ ನಿಮ್ಮ ಕೆಂಪು ಚುಕ್ಕೇದು!"

ಅಕ್ಕ ತಾನೇ ಮೇಡಂ ಮುಂದೆ ಹೋಗಿ ನಿಂತು, ಲೋಳೆ ಹಿಡಿದ ಕ್ಯಾನನ್ನು ಮೇಜಿನ ಪಕ್ಕ ಇಟ್ಟು, ಆದದ್ದನ್ನೆಲ್ಲ ಹೇಳಿದಳು. ಮೇಡಂ ಕ್ಯಾನಿನೊಳಗೆ ಇಣುಕಿ ನೋಡಿದರು.

"ಹೊಸ ಕಣಗಳು ಬರೋ ತನಕ ಟೈಮಿದೆ," ಎಂದರು. "ಅಷ್ಟರಲ್ಲಿ ಅವು ಕೂಗಿದ್ರೆ ಇಟ್ಕೊಳ್ಳೋಣ. ಕೂಗದಿದ್ರೆ ನನ್ನ ಮಾತೇ ಕೊನೆ."

ಆ ದಿನಗಳು ಅಕ್ಕನಿಗೆ ಹೇಗೆ ಕಳೆದವೋ ಅವಳಿಗೇ ಗೊತ್ತು. ಮಾಡಬೇಕಾದದ್ದು ಇಷ್ಟೇ: ಏನೂ ಹೆಚ್ಚಿಗೆ ಮಾಡದಿರುವುದು. ಹೊಸ ಬಾಟಲಿಯನ್ನು ಓವನ್ನಿನಿಂದ ತೆಗೆದಾಗ ಕೈ ತಾನಾಗಿ ನೀರಿನ ಕಡೆ ಹೋಗುತ್ತಿತ್ತು, ಎಳೆದು ಹಿಂದಕ್ಕೆ ತರುತ್ತಿದ್ದಳು. ಬೈಗುಳವನ್ನೂ ನಿಲ್ಲಿಸಿದಳು, ಸುಸ್ತಾದವರನ್ನು ಬೈಯಬಾರದು. ಗಡಿಬಿಡಿಯೋ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವನು, ಪ್ರಬಂಧದ ತಲೆಬರಹವನ್ನೇ ಬರೆದಿಟ್ಟುಕೊಂಡ.

ಪರೀಕ್ಷೆಯ ದಿನ ಅಕ್ಕ ತಮ್ಮನನ್ನು ಕರೆದಳು. ಅದುವರೆಗೆ ಅವನು ಆ ಕಟ್ಟಡದ ಗೇಟು ದಾಟಿದವನಲ್ಲ. "ಆ ಪೀಡೆಗಳ ಮುಖ ನಾನ್ಯಾಕೆ ನೋಡ್ಲಿ?" ಎನ್ನುತ್ತಿದ್ದ. ಈ ಸಲ ಅಕ್ಕನ ದನಿಯಲ್ಲಿ ಏನು ಕಂಡನೋ, ಉಗುರಲ್ಲಿ ಕೆಂಪು ಬಣ್ಣ ಹಾಗೇ ಇಟ್ಟುಕೊಂಡು ಬಿಸಿಲಲ್ಲಿ ನಡೆದು ಬಂದ.

"ಇವತ್ತು ಕೂಗದಿದ್ರೆ?" ಎಂದು ಕೇಳಿದ.

"ನಾಳೆ ಎಲ್ಲಾ ಕಸಕ್ಕೆ."

ತಮ್ಮ ಮೇಜಿನ ಹತ್ತಿರಕ್ಕೆ ಸರಿದು ನಿಂತ. ಪ್ಲೇಟು ಮೇಜಿನ ಮೇಲಿತ್ತು. ಮೊದಲ ಸಾಲು, ಚೊಕ್ಕ ಆಹಾರ ತಿಂದ ಕಣ, ವಿಷ ಹಾಕಿಲ್ಲ. ಎರಡನೆಯದು, ಅದೇ ಕಣ, ವಿಷ ಹಾಕಿದೆ. ಮೂರನೆಯದು, ಕೆಂಪು ಚುಕ್ಕೆಯ ಬಾಟಲಿಯ ಆಹಾರ ತಿಂದ ಕಣ, ವಿಷ ಹಾಕಿದೆ. ಗಡಿಬಿಡಿ ಕೊನೆಯ ದ್ರವವನ್ನು ಗುಳಿ ಗುಳಿಗೆ ಇಳಿಸಿದ. ಮೇಡಂ ಕೋಣೆಯಿಂದ ಎದ್ದು ಬಂದು ಹಿಂದೆ ನಿಂತರು.

ಎಲ್ಲಾ ನೀರಿನ ಹಾಗೇ ಇತ್ತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ಇನ್ನೂ ನೀರೇ.

"ಅಲ್ಲಿ," ಎಂದ ತಮ್ಮ.

"ಎಲ್ಲಿ?"

"ಎರಡನೇ ಸಾಲು. ನೀಲಿ ಹಿಡೀತಿದೆ. ನನ್ನ ಕಣ್ಣು ಬಣ್ಣದಲ್ಲಿ ಮೋಸ ಹೋಗಲ್ಲ."

ಯಾರಿಗೂ ಕಾಣಲಿಲ್ಲ. ಆಮೇಲೆ ಗಡಿಬಿಡಿಗೆ ಕಂಡಿತು, ಆಮೇಲೆ ಅಕ್ಕನಿಗೆ. ಎರಡನೆಯ ಸಾಲಿನ ಗುಳಿಗಳ ತಳದಲ್ಲಿ ತಿಳಿನೀಲಿ, ನೋಡನೋಡುತ್ತ ಇನ್ನೂ ನೀಲಿ, ಕಡುನೀಲಿ! ಮೊದಲ ಸಾಲು ತಿಳಿಯಾಗಿತ್ತು, ಮೂರನೆಯದೂ ಹೆಚ್ಚುಕಡಿಮೆ ತಿಳಿಯೇ. ನಡುವಿನ ಸಾಲೊಂದೇ ಗಂಟಲು ಹರಿಯುವಂತೆ ಕೂಗುತ್ತಿತ್ತು. ಗಡಿಬಿಡಿ ಎಗರಿದ, ತಲೆ ಮೇಲಿನ ಕಪಾಟಿಗೆ ಬಡಿಯಿತು, ಅವನಿಗೆ ಅದು ಗೊತ್ತೂ ಆಗಲಿಲ್ಲ. ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಹಿಡಿಯಿತು.

"ಕೂಗಿದ್ವು! ಲೋ, ಕೂಗಿದ್ವು ಕಣೋ!"

ಅಳತೆಗಾಗಿ ಬಣ್ಣವನ್ನು ನಿಲ್ಲಿಸಬೇಕಲ್ಲ, ಗಡಿಬಿಡಿ ಆಮ್ಲದ ಹನಿ ಹಾಕಿದ. ನೀಲಿ ಹಳದಿಯಾಯಿತು.

"ಅಷ್ಟು ಒಳ್ಳೆ ನೀಲೀನ ಕೆಡಿಸಿಬಿಟ್ರಲ್ಲ ಸಾರ್!" ಎಂದು ತಮ್ಮ ನಿಜವಾಗಿಯೂ ನೊಂದುಕೊಂಡ.

ಮೇಡಂ ಪ್ಲೇಟನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಮತ್ತೆ ಮಾಡಿ ತೋರಿಸ್ಬೇಕು," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ನೈಟ್ರೋಜನ್ ಕ್ಯಾನಲ್ಲಿರೋ ಟ್ಯೂಬ್‌ಗಳನ್ನ ಯಾರೂ ಮುಟ್ಬೇಡಿ. ಹೊಸವಕ್ಕೆ ಜಾಗ ನಾನು ಬೇರೆ ಕಡೆ ನೋಡ್ತೀನಿ. ಇನ್ಮೇಲೆ ಕೆಂಪು ಚುಕ್ಕೇನೂ ಸೇರಿಸಿಯೇ ಪ್ರಯೋಗ ನಡೀಲಿ. ಸುಸ್ತಾದ ಕಾವಲುಗಾರ, ಸುಸ್ತಾಗದ ಕಾವಲುಗಾರ. ಇಬ್ಬರಲ್ಲಿ ಏನು ವ್ಯತ್ಯಾಸ, ಅದನ್ನೇ ಹುಡುಕೋಣ."

ಅಕ್ಕ ತಮ್ಮನ ತೋಳು ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. ದುಂಡನೆಯ ಕಣಗಳು ಹೊಳೆಯುತ್ತ ಹೊರಳಾಡುತ್ತಿದ್ದವು. ಹರೆಯದಲ್ಲಿ ತನ್ನನ್ನು ಸಾವಿನ ಬಾಗಿಲವರೆಗೆ ಎಳೆದೊಯ್ದವುಗಳನ್ನು ಅವನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದ. ಅಕ್ಕ ಪಕ್ಕದಲ್ಲೇ ನಿಂತಳು. ಅವನೀಗ ಬೈಯುತ್ತಾನೆ, ಬೈಯಲಿ, ಅವನಿಗೆ ಹಕ್ಕಿದೆ ಅಂದುಕೊಂಡಳು.

"ಏನ್ರಪ್ಪಾ," ಎಂದ ತಮ್ಮ, ಕಣ್ಣು ತೆಗೆಯದೆ. "ನೀವೂ ನಮ್ಮಕ್ಕನ ಕೈಗೆ ಸಿಕ್ಕಿಹಾಕ್ಕೊಂಡ್ರಾ? ಒಂದು ನೀರು ಹೆಚ್ಚಿಗೆ ಹಾಕಿಯೇ ಸಾಕಿದಾಳೆ ಅಲ್ವಾ? ನನ್ನ ಗತೀನೂ ಅದೇ ಕಣ್ರಪ್ಪಾ."

ಗಡಿಬಿಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟಳು. ತಮ್ಮ ಮಾತ್ರ ಇನ್ನೂ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದ, ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು. "ದುಡಿಸು ಅಕ್ಕಾ. ಚೆನ್ನಾಗಿ ದುಡಿಸು," ಎಂದ. ಜ್ವರದ ಹಾಸಿಗೆಯಲ್ಲಿ ಆಡಿದ್ದ ಮಾತು ಅವನಿಗೂ ನೆನಪಿಗೆ ಬಂದಿತ್ತೋ ಏನೋ, ಅಕ್ಕ ಕೇಳಲಿಲ್ಲ.

ಹೊರಗಿನ ಓಣಿಯಲ್ಲಿ ಗೋಡೆಗೆ ಹೊಂದಿಸಿದ ಕುಡಿಯುವ ನೀರಿನ ಯಂತ್ರವಿತ್ತು, ಎಲ್ಲರೂ ಕುಡಿಯುವಂಥದ್ದು. ತಮ್ಮ ಅದರ ಮುಂದೆ ನಿಂತ. ಅಕ್ಕನ ಚೀಲದಲ್ಲಿ ಎರಡು ಸಲ ಕುದಿಸಿದ ನೀರಿನ ಬಾಟಲಿ ಇರುವುದು ಅವನಿಗೆ ಗೊತ್ತು. ಅಲ್ಲಿದ್ದ ಲೋಟ ಎತ್ತಿಕೊಂಡು, ನಲ್ಲಿ ಒತ್ತಿ ತುಂಬಿಸಿ, ಅವಳ ಮುಖವನ್ನೇ ನೋಡಿದ.

ಅಕ್ಕನ ಕೈ ಚೀಲದ ಬಾಯಿಗೆ ಹೋಗಿತ್ತು. "ಲೋ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವನು ಗಟಗಟ ಕುಡಿದು, ತೋಳಿನಿಂದ ಬಾಯಿ ಒರೆಸಿ, ಲೋಟ ಕೆಳಗಿಟ್ಟ.

ಅವಳು ಚೀಲದ ಜಿಪ್ಪು ಎಳೆದು ಮುಚ್ಚಿದಳು.

"ಇನ್ನೊಂದು ಲೋಟ ಕುಡಿಯೋ," ಎಂದಳು. "ಬಿಸಿಲಲ್ಲಿ ಬಂದಿದ್ದೀಯ."